ಲಾಭಾಂಶವೂ ತೆರಿಗೆಯ ಜಮೆಯೂ

ಅಮೃತೂರಿನ ನಿವೃತ್ತ ಉಪಾಧ್ಯಾಯರೊಬ್ಬರು ಕಂಪನಿಯೊಂದರ ಷೇರುಗಳನ್ನು ಹೊಂದಿರುವರೆಂದು ಭಾವಿಸೋಣ. ಲಾಭಾಂಶದ ಮೇಲಣ ತೆರಿಗೆಯನ್ನು ಯಾರು ತೆತ್ತಂತೆ ಎಣಿಸಬೇಕು? ಈ ಪ್ರಶ್ನೆಗೆ ನಮ್ಮ ಶಾಸನಗಳು ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳನ್ನಿತ್ತಿವೆ.

1922ರ ಆದಾಯ ತೆರಿಗೆ ಶಾಸನವು 1950ರಲ್ಲಿ ಮೈಸೂರು ರಾಜ್ಯಕ್ಕೂ ಅನ್ವಯವಾಯಿತು. ಅದರಂತೆ ಕಂಪನಿಯು ತೆತ್ತ ಆದಾಯ ತೆರಿಗೆಯು ಷೇರುದಾರನ ಪರವಾಗಿ ತೆತ್ತುದೆಂದೇ ಪರಿಗಣಿತವಾಗುತ್ತಿದ್ದಿತು. ಉದಾಹರಣೆಗೆ, 100 ರೂಪಾಯಿ ಲಾಭದಲ್ಲಿ 30 ರೂಪಾಯಿ ತೆರಿಗೆಗೆ ಹೋಗಿ 70 ರೂಪಾಯಿ ಹಂಚಿಕೆಯಾದರೆ, ಷೇರುದಾರನ ಆದಾಯವನ್ನು 100 ಎಂದೆಣಿಸಿ, 30 ರೂಪಾಯಿಯನ್ನು ಅವನ ಲೆಕ್ಕಕ್ಕೆ ಜಮೆ ಮಾಡುತ್ತಿದ್ದರು. ತೆರಿಗೆಗೆ ಒಳಪಡದವನು ಅದನ್ನು ಹಿಂದಕ್ಕೆ ಪಡೆಯಬಹುದಾಗಿದ್ದಿತು. 1959ರ ಹಣಕಾಸು ಶಾಸನವು ಈ ಪದ್ಧತಿಯನ್ನು ಕೊನೆಗಾಣಿಸಿತು.

1997ರಿಂದ 2020ರವರೆಗೆ, ಒಂದು ವರ್ಷದ ಹೊರತು, ಹಂಚಿಕೆಯ ಮೇಲಣ ತೆರಿಗೆಯನ್ನು ಕಂಪನಿಯೇ ತೆರುತ್ತಿದ್ದಿತು; ಅಲ್ಪ ಆದಾಯದ ಷೇರುದಾರನಿಗೂ ಅದರಲ್ಲಿ ಜಮೆಯಿರಲಿಲ್ಲ. 2020ರ ಏಪ್ರಿಲ್ 1ರಿಂದ ಲಾಭಾಂಶಕ್ಕೆ ಷೇರುದಾರನೇ ತೆರಿಗೆ ತೆರಬೇಕಾಯಿತು. 2025ರ ಏಪ್ರಿಲ್‌ನಿಂದ, ಒಂದು ಕಂಪನಿಯ ವಾರ್ಷಿಕ ಲಾಭಾಂಶವು 10,000 ರೂಪಾಯಿಗಳನ್ನು ಮೀರಿದಲ್ಲಿ, ಪ್ಯಾನ್ ಸಂಖ್ಯೆ ಕೊಟ್ಟವರಿಗೆ ಶೇಕಡಾ 10ರಷ್ಟನ್ನು ಮೂಲದಲ್ಲಿಯೇ ಕಡಿತಮಾಡುವ ನಿಯಮವಿದೆ. ನಮ್ಮ ಉಪಾಧ್ಯಾಯರಿಗೆ 12,000 ಬಂದರೆ ಕಡಿತವಾಗುವುದು 1,200. ಅವರಿಗೆ ಸಲ್ಲುವ ಜಮೆ ಇಷ್ಟೇ. ಕಂಪನಿಯು ತನ್ನ ಲಾಭದ ಮೇಲೆ ತೆತ್ತ ತೆರಿಗೆಯು ಇದರಲ್ಲಿ ಸೇರದು. ಅವರು ತೆರಿಗೆಗೆ ಒಳಪಡದವರಾದರೂ ಆದಾಯದ ರಿಟರ್ನ್ ಸಲ್ಲಿಸದ ಹೊರತು ಆ 1,200 ರೂಪಾಯಿ ಅವರ ಕೈಸೇರದೆಂಬುದನ್ನು ನಾವು ಮರೆಯಲಾಗದು.