ಬಂದರಿನ ನೀರಿಗೆ ಗಣಿತದ ಕಣ್ಣು

ವಾಸ್ಕೊ ನಗರದ ಮಂಗೋರ್ ಹಿಲ್‌ನಲ್ಲಿ ಕನ್ನಡದ ಮಾತು ಕಿವಿಗೆ ಬೀಳುವುದು ಅಪರೂಪವೇನಲ್ಲ. ದುಡಿಮೆ ಅರಸಿ ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಕುಟುಂಬಗಳಿಗೆ ವಾಸ್ಕೊ ಈಗ ಸ್ವಂತ ಊರು. ಈ ನಗರದ ಬದುಕಿಗೆ ಆಸರೆಯಾದ ಮುರ್ಗಾಂವ್ ಬಂದರು ಇರುವುದು ಜುವಾರಿ ನದಿ ಸಮುದ್ರ ಸೇರುವಲ್ಲಿ. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಭೋರ್ಗರೆಯುವಾಗ ಇಂಥ ಬಂದರಿನ ಹಡಗುಗಳನ್ನು ಕಾಯುವುದು ಅಲೆ ತಡೆಯುವ ಗೋಡೆ, ಅಂದರೆ ಬ್ರೇಕ್‌ವಾಟರ್. ಅದರ ಮರೆಯಲ್ಲಿ ನೀರು ಎಷ್ಟು ಶಾಂತವಾಗಿರುತ್ತದೆಂಬುದನ್ನು ಒಂದೇ ಒಂದು ಕಲ್ಲು ಇಳಿಸುವ ಮೊದಲೇ ಹೇಳಬಲ್ಲ ವಿದ್ಯೆಯೊಂದಿದೆ. ಅದು ದೀರ್ಘವೃತ್ತೀಯ ಆಂಶಿಕ ಅವಕಲ ಸಮೀಕರಣಗಳನ್ನು ಸಂಖ್ಯೆಗಳಿಂದ ಬಿಡಿಸುವ ವಿದ್ಯೆ.

ಈ ಸಮೀಕರಣಗಳ ಗಾಂಭೀರ್ಯ ಅವುಗಳ ಸಮಗ್ರತೆಯಲ್ಲಿದೆ. ಗೋಡೆಯ ತುದಿಯನ್ನು ನೂರು ಮೀಟರ್ ಚಾಚಿದರೆ ಒಳಗಿನ ನೀರಿನ ಪ್ರತಿ ಬಿಂದುವಿಗೂ ಆ ಸುದ್ದಿ ಮುಟ್ಟುತ್ತದೆ. ಆದ್ದರಿಂದ ಒಂದು ಮೂಲೆಯಲ್ಲಿ ಲೆಕ್ಕ ಹಿಡಿದು ಇನ್ನೊಂದು ಮೂಲೆಗೆ ಸಾಗುವಂತಿಲ್ಲ. ಸಕಲ ಬಿಂದುಗಳನ್ನೂ ಒಟ್ಟಿಗೇ ಬಿಡಿಸಬೇಕು.

ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1911ರಲ್ಲಿ ಪ್ರಕಟಿಸಿದ ಪ್ರಬಂಧ ಇಂಥ ಸಮೀಕರಣಗಳನ್ನು ಸಂಖ್ಯೆಗಳಿಂದ ಬಿಡಿಸುವ ಚರಿತ್ರೆಯ ಹೆಬ್ಬಾಗಿಲು. ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡಗಳನ್ನು ಅರಿಯಲು ಆತ ಅದರ ನಕ್ಷೆಯನ್ನು ಚೌಕಗಳಾಗಿ ಸೀಳಿ, ನೆರೆಯ ಬಿಂದುಗಳ ಬೆಲೆಗಳಿಂದ ಪ್ರತಿ ಬಿಂದುವಿನ ಬೆಲೆಯನ್ನು ಮತ್ತೆ ಮತ್ತೆ ತಿದ್ದಿಸಿದ. ಕೂಲಿಗೆ ಹಿಡಿದ ಹುಡುಗರಲ್ಲಿ ಅತಿ ಚುರುಕಾದವರು ವಾರಕ್ಕೆ ಸುಮಾರು 2,000 ಲೆಕ್ಕ ಮುಗಿಸುತ್ತಿದ್ದರಂತೆ! ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದೂ ಅದೇ ವರ್ಷ ಎಂಬುದು ಕನ್ನಡಿಗರ ಮನಸ್ಸಿಗೆ ಹಿತವಾದ ಕಾಕತಾಳೀಯ.

ಬಂದರಿನ ಅಲೆಗಳಿಗೆ ತಕ್ಕ ಸಮೀಕರಣವನ್ನು 1972ರಲ್ಲಿ ಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಬರ್ಕಾಫ್. ತಳ ನಿಧಾನವಾಗಿ ಇಳಿಯುವ ಕಡೆ ಅಲೆ ಬಾಗುವುದು, ಗೋಡೆಗೆ ಬಡಿದು ಮರಳುವುದು, ಅಂಚು ಬಳಸಿ ಒಳನುಗ್ಗುವುದು ಎಲ್ಲವನ್ನೂ ಅದು ಒಂದೇ ಸೂತ್ರದಲ್ಲಿ ಹಿಡಿಯುತ್ತದೆ. ಹತ್ತು ಮೀಟರ್ ಆಳದಲ್ಲಿ, ಹತ್ತು ಸೆಕೆಂಡಿಗೊಮ್ಮೆ ಏಳುವ ಅಲೆಯ ಉದ್ದ ಸುಮಾರು 90 ಮೀಟರ್. ಅಷ್ಟು ಉದ್ದಕ್ಕೆ ಹತ್ತು ಬಿಂದುಗಳಾದರೂ ಬೇಕೆಂದರೆ, ಎರಡು ಕಿಲೋಮೀಟರ್ ಚೌಕದ ಜಲರಾಶಿಗೆ ಹತ್ತಿರಹತ್ತಿರ 50,000 ಬಿಂದುಗಳು, ಅಷ್ಟೇ ಅಜ್ಞಾತ ಸಂಖ್ಯೆಗಳು. ರಿಚರ್ಡ್‌ಸನ್ನನ ಹುಡುಗರಿಗೆ ಒಂದು ಸುತ್ತು ತಿದ್ದಲೂ ತಿಂಗಳುಗಳು ಬೇಕಾಗುತ್ತಿದ್ದವು.

ಚೌಕಗಳು ವಕ್ರ ಕರಾವಳಿಗೆ ಒಗ್ಗುವುದಿಲ್ಲ. ಅಲ್ಲಿ ಒದಗುವುದು ಸಣ್ಣಪುಟ್ಟ ತ್ರಿಕೋನಗಳಿಂದ ನಕ್ಷೆ ತುಂಬುವ ಫೈನೈಟ್ ಎಲಿಮೆಂಟ್ ವಿಧಾನ. ಈ ಶಾಸ್ತ್ರದಲ್ಲಿ ಬೆಂಗಳೂರಿಗೂ ಗೌರವದ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಫ್ರಾನ್ಸಿನ ಗ್ಲೊವಿನ್‌ಸ್ಕಿ ನೀಡಿದ ಉಪನ್ಯಾಸಗಳು 1980ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಪ್ಯಾರಿಸ್ಸಿನ ಪ್ರೌಢ ಗಣಿತ ನೇರವಾಗಿ ನಮ್ಮ ತರುಣರ ಕೈಗೆ ಬಂದ ಕಾಲವದು.

ಇಂದು ಒರಟು ಜಾಲದಿಂದ ನವಿರು ಜಾಲದವರೆಗೆ ಏರಿಳಿಯುತ್ತ ಲೆಕ್ಕ ಮಾಡುವ ಮಲ್ಟಿಗ್ರಿಡ್ ವಿಧಾನ, ಶಾಖ ಅಥವಾ ವಿದ್ಯುತ್‌ಕ್ಷೇತ್ರದ ಕೋಟಿ ಬಿಂದುಗಳ ಸಮಸ್ಯೆಯನ್ನೂ ಬಿಂದುಗಳ ಸಂಖ್ಯೆಗೆ ತಕ್ಕಷ್ಟೇ ಶ್ರಮದಲ್ಲಿ ಬಿಡಿಸುತ್ತದೆ. ಅಲೆಗಳು ಮಾತ್ರ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಅಲೆಯುದ್ದ ಕಿರಿದಾದಷ್ಟೂ ಸರಳವಾಗಿ ತಿದ್ದುವ ಕ್ರಮಗಳು ಉತ್ತರದತ್ತ ಸಾಗುವ ಬದಲು ದಾರಿ ತಪ್ಪುತ್ತವೆ. ಅಲೆಗಳ ಸಮೀಕರಣಗಳನ್ನು ಹದಕ್ಕೆ ತರುವ ಹೊಸ ವಿಧಾನಗಳ ಶೋಧ ಜಗತ್ತಿನ ಗಣಿತಜ್ಞರ ನಡುವೆ ಇನ್ನೂ ಬಿರುಸಿನಿಂದ ಸಾಗಿದೆ.