ಸಿಹಿಯ ತಪ್ಪಲ್ಲ, ತಾಯಿಯ ತಪ್ಪೂ ಅಲ್ಲ

ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ಬೆಳಗು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸುಗಳಿಂದ ಇಳಿದವರು ಚೀಟಿಗೆ ಸಾಲು ನಿಂತಿದ್ದಾರೆ. ಬೆಂಚಿನ ತುದಿಯಲ್ಲಿ ಯೂನಿಫಾರಂ ತೊಟ್ಟ ಹುಡುಗಿ. ತಾಯಿ ಚೀಲದಿಂದ ಫ್ಲಾಸ್ಕ್ ತೆಗೆಯುತ್ತಾಳೆ. ಒಳಗಿರುವುದು ಇನ್ಸುಲಿನ್ ಸೀಸೆ. ಫ್ರಿಜ್ ಇಲ್ಲದ ಮನೆಯಲ್ಲಿ ಅದರ ಜಾಗ ಒದ್ದೆ ಮರಳಿನ ಮಡಕೆ. ಹುಡುಗಿ ಬೆರಳಿಗೆ ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸಿ, ಮೀಟರ್ ನೋಡುತ್ತಾಳೆ. ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಸಿರಿಂಜಿಗೆ ಎಳೆದು, ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳುತ್ತಾಳೆ. ಆಮೇಲೆಯೇ ಇಡ್ಲಿಯ ಡಬ್ಬಿ ತೆರೆಯುವುದು.

"ಇಷ್ಟ್ ಚಿಕ್ಕ ಮಗೀಗೂ ಷುಗರ್ರಾ ಕಣವ್ವಾ? ಸಿಹಿ ಜಾಸ್ತಿ ತಿನ್ಸಿದ್ರೇನೋ!" ಪಕ್ಕದ ಅಜ್ಜಿಯ ಮರುಕ.

"ಇಲ್ಲಜ್ಜಿ, ಸಿಹಿ ತಿಂದು ಬರೋದಲ್ವಂತೆ ಇದು."

ತಾಯಿಯ ಮಾತೇ ನಿಜ. ಟೈಪ್-1 ಮಧುಮೇಹದಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ: ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತವೆ. ಈ ನಾಶ ರೋಗ ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ತದ್ರೂಪಿ ತ್ರಿವಳಿ ಹಾಗೂ ಅವಳಿಗಳನ್ನು ಅಧ್ಯಯನ ಮಾಡಿ, 1983ರಲ್ಲಿ ಇದನ್ನು ತೋರಿಸಿಕೊಟ್ಟ ತಂಡದಲ್ಲಿ ಜಾರ್ಜ್ ಐಸೆನ್‌ಬಾರ್ತ್ ಜೊತೆಗಿದ್ದವರು ಡಾ. ಎಸ್. ಶ್ರೀಕಾಂತ. ಮುಂದೆ ಬೆಂಗಳೂರಿಗೆ ಬಂದು, ಸಮತ್ವಂ ಸಂಸ್ಥೆಯ ಮೂಲಕ ಬಡಮಕ್ಕಳಿಗೆ ಉಚಿತ ಇನ್ಸುಲಿನ್ ಒದಗಿಸುವ ಕೆಲಸಕ್ಕೆ ನಿಂತವರೂ ಅವರೇ.

ಕಾರಣದ ಹುಡುಕಾಟ ಇನ್ನೂ ಮುಗಿದಿಲ್ಲ. ವಂಶವಾಹಿಗಳ ಪಾತ್ರವಿದೆ, ಕರುಳಿನ ಕೆಲವು ವೈರಸ್‌ಗಳ ಮೇಲೆ ಅನುಮಾನವಿದೆ. ಹಸುವಿನ ಹಾಲಿನ ಮೇಲೂ ಇತ್ತು. ಹಾಲಿನ ಪ್ರೋಟೀನನ್ನು ಒಡೆದು ತಯಾರಿಸಿದ ಶಿಶು ಆಹಾರವನ್ನು 15 ದೇಶಗಳಲ್ಲಿ ಕೊಟ್ಟು ನೋಡಿದರೂ ರೋಗ ತಗ್ಗಲಿಲ್ಲ ಎಂದು 2018ರಲ್ಲಿ ತಿಳಿಯಿತು. ಭರವಸೆ ಬೇರೆ ಕಡೆಯಿಂದ ಬಂತು. ರಕ್ತದಲ್ಲಿ ಪ್ರತಿಕಾಯಗಳು ಕಂಡು, ಸಕ್ಕರೆ ಏರುಪೇರಾಗತೊಡಗಿದ ಹಂತದಲ್ಲಿ 14 ದಿನ ಟೆಪ್ಲಿಜುಮಾಬ್ ಔಷಧಿ ಕೊಟ್ಟರೆ ರೋಗ ಸುಮಾರು ಎರಡು ವರ್ಷ ಮುಂದೆ ಹೋಗುತ್ತದೆ. 2022ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮಗುವಿನ ಪಾಲಿಗೆ ಅದು ಎರಡು ವರ್ಷ ಚುಚ್ಚುಮದ್ದಿಲ್ಲದ ಬಾಲ್ಯ.

ಈ ಸಂಶೋಧನೆಯ ಫಲ ಹಳ್ಳಿಗಳನ್ನೂ ಮುಟ್ಟಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಎಚ್ಚರ. ಮಗು ಪದೇ ಪದೇ ನೀರು ಕೇಳುತ್ತಿದ್ದರೆ, ಮೂತ್ರಕ್ಕೆ ಮೇಲಿಂದ ಮೇಲೆ ಏಳುತ್ತಿದ್ದರೆ, ಉಂಡರೂ ಸೊರಗುತ್ತಿದ್ದರೆ ಹರಕೆ ಹೊತ್ತು ಕಾಯಬೇಡಿ. ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಇಂಥ ಮಕ್ಕಳ ತಾಯಂದಿರನ್ನು ದೂರುವುದನ್ನೂ ಬಿಟ್ಟುಬಿಡಿ.