ಕೆಂಪು ತ್ರಿಕೋನ ಕಂಡರೆ ಮೊದಲು ಚಿಕ್ಕ ಬ್ಯಾಟರಿ ನೋಡಿ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಚಳಿಗಾಲದ ಮುಂಜಾನೆ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ಅಲ್ಲಿನವರಿಗೆ ಹೊಸದಲ್ಲ. ಸಾಮಾನ್ಯ ಪೆಟ್ರೋಲ್ ಕಾರುಗಳು ಸೆಲ್ಫ್ ಹೊಡೆದೂ ಹೊಡೆದೂ ಸುಸ್ತಾಗುವ ಹೊತ್ತಿನಲ್ಲಿ, ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ಹಳೇ ಟೊಯೊಟಾ ಪ್ರಿಯಸ್ ಹೈಬ್ರಿಡ್‌ಗಳು ಗುಂಡಿ ಒತ್ತಿದೊಡನೆ ಎದ್ದು ಹೊರಡುತ್ತವೆ. ಹೈಬ್ರಿಡ್‌ಗಳಿಗೆ ಸಿಕ್ಕ ತೆರಿಗೆ ರಿಯಾಯಿತಿಯ ಜೊತೆ ಈ ಗುಣವೂ ಸೇರಿ ಆ ಊರಿನ ಬೀದಿಗಳಲ್ಲಿ ಎತ್ತ ನೋಡಿದರೂ ಪ್ರಿಯಸ್. ಅದೇ ಕಾರನ್ನು ಬೆಚ್ಚನೆಯ ಊರೊಂದರ ಬೇಸ್‌ಮೆಂಟಿನಲ್ಲಿ ಕೆಲವು ವಾರ ನಿಲ್ಲಿಸಿ ಬಂದರೆ ಕಥೆ ತಿರುವುಮುರುವಾಗಬಹುದು. ಗುಂಡಿ ಒತ್ತಿದರೆ ಡ್ಯಾಶ್‌ಬೋರ್ಡ್ ತುಂಬ ಹಳದಿ, ಕೆಂಪು ದೀಪಗಳು, ಜೊತೆಗೊಂದು ಕೆಂಪು ತ್ರಿಕೋನ. ಕಾರು ಮಾತ್ರ ಜಪ್ಪಯ್ಯ ಅಂದರೂ ಏಳುವುದಿಲ್ಲ.

ಎರಡಕ್ಕೂ ಕಾರಣ ಒಂದೇ: ಇಂಥ ಕಾರಿನಲ್ಲಿ ಎರಡು ಬ್ಯಾಟರಿಗಳಿವೆ.

2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್ಸನ್ನೇ ತೆಗೆದುಕೊಳ್ಳೋಣ. ಹಿಂದಿನ ಸೀಟಿನ ಹಿಂದೆ 28 ಮಾಡ್ಯೂಲ್‌ಗಳ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದೆ, ಒಟ್ಟು 201.6 ವೋಲ್ಟ್. ಈ ಕಾರಿಗೆ ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರೂ ಇಲ್ಲ. ದೊಡ್ಡ ಬ್ಯಾಟರಿಯ ಬಲದಿಂದ ಗೇರ್‌ಬಾಕ್ಸಿನೊಳಗಿನ ಮೋಟರ್ ಎಂಜಿನ್ನನ್ನು ತಿರುಗಿಸುತ್ತದೆ. ಮಂಗೋಲಿಯಾದ ಚಳಿಯಲ್ಲಿ ಕೆಲಸಕ್ಕೆ ಬರುವುದು ಇದೇ ಶಕ್ತಿ. ಆದರೆ ಆ ಬ್ಯಾಟರಿಯನ್ನು ಕಾರಿನ ಉಳಿದ ಭಾಗಕ್ಕೆ ಜೋಡಿಸುವ ರಿಲೇಗಳನ್ನು ಆನ್ ಮಾಡುವುದು, ಕಂಪ್ಯೂಟರ್‌ಗಳನ್ನು ಎಬ್ಬಿಸುವುದು, ಎರಡೂ ಡಿಕ್ಕಿಯ ಬಲಮೂಲೆಯಲ್ಲಿ ಕೂತ 12 ವೋಲ್ಟ್‌ನ ಪುಟ್ಟ ಬ್ಯಾಟರಿಯ ಕೆಲಸ. ಅದು ಸತ್ತರೆ, ಕಣಜ ತುಂಬಿದ್ದರೂ ಬೀಗದ ಕೈ ಕಳೆದುಕೊಂಡ ಹಾಗೆ.

ಪೂರ್ತಿ ಸತ್ತರೆ ಒಂದು ಲೆಕ್ಕಕ್ಕೆ ಒಳ್ಳೆಯದೇ, ಗೊತ್ತಾಗಿಬಿಡುತ್ತದೆ. ಅರೆಜೀವವಾಗಿದ್ದಾಗಲೇ ಗೊಂದಲ. ಸಾಕಾಗದ ವೋಲ್ಟೇಜಿನಲ್ಲಿ ಎದ್ದ ಕಂಪ್ಯೂಟರ್‌ಗಳು ಒಂದರ ಮಾತು ಒಂದಕ್ಕೆ ಕೇಳದೆ, ಬ್ರೇಕು, ಸ್ಟೇರಿಂಗು, ಹೈಬ್ರಿಡ್ ವ್ಯವಸ್ಥೆ ಎಲ್ಲವೂ ಕೆಟ್ಟಿವೆಯೆಂದು ದೀಪ ಹಚ್ಚುತ್ತವೆ. ಮಾಲೀಕರು ದೊಡ್ಡ ಬ್ಯಾಟರಿ ಹೋಯಿತೆಂದು ಎದೆಗುಂದುತ್ತಾರೆ. ಅವಸರದ ಗ್ಯಾರೇಜೂ ಹೌದೆಂದುಬಿಟ್ಟರೆ, ಚೆನ್ನಾಗಿ ಓಡಬೇಕಿದ್ದ ಕಾರು ಗುಜರಿಯ ದಾರಿ ಹಿಡಿಯುತ್ತದೆ. ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ, ಏಕೆಂದರೆ ಇದನ್ನು ತಪ್ಪಿಸಲು ಬೇಕಾದದ್ದು ಒಂದು ಮಲ್ಟಿಮೀಟರ್ ಮತ್ತು ಐದು ನಿಮಿಷ.

ಕಾರು ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ ಚಿಕ್ಕ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಆರೋಗ್ಯವಾಗಿದೆ. 12ಕ್ಕಿಂತ ಕೆಳಗಿದ್ದರೆ ಅನುಮಾನ ಪಡಬೇಕು. ಮೀಟರ್ ಇಲ್ಲದಿದ್ದರೂ ಎರಡನೇ ತಲೆಮಾರಿನ ಪ್ರಿಯಸ್‌ನ ಪರದೆಯಲ್ಲೇ ಒಂದು ಗುಪ್ತ ಮೆನು ಇದೆ: 'ಇನ್ಫೋ' ಗುಂಡಿ ಒತ್ತಿ ಹಿಡಿದು ಪಾರ್ಕಿಂಗ್ ಲೈಟನ್ನು ಮೂರು ಸಲ ಹಾಕಿ ಆರಿಸಿದರೆ ತೆರೆದುಕೊಳ್ಳುತ್ತದೆ, ಅಲ್ಲಿ ವೋಲ್ಟೇಜ್ ಓದಬಹುದು. ಕಾರು ಹೊರಡಲು ಸಿದ್ಧವಾಗಿ 'ರೆಡಿ' ದೀಪ ಹತ್ತಿದ ಮೇಲೆ ಅದು 14ರ ಹತ್ತಿರ ಇರಬೇಕು. ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ಹರಿಯುತ್ತಿದೆ ಎಂಬುದಕ್ಕೆ ಅದೇ ಗುರುತು. 'ರೆಡಿ' ದೀಪ ಹತ್ತದೆ ಬರೀ ರೇಡಿಯೊ ಹಾಕಿಕೊಂಡು ಕೂತರೆ ಚಾರ್ಜ್ ಆಗುವುದಿಲ್ಲ, ಇದ್ದದ್ದೂ ಖಾಲಿಯಾಗುತ್ತದೆ.

ಬ್ಯಾಟರಿ ಸತ್ತರೆ ಡಿಕ್ಕಿಯೂ ತೆರೆಯದು, ಅದರ ಬೀಗ ಕರೆಂಟಿನದು. ಅದಕ್ಕಾಗಿಯೇ ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿ, ಕೆಂಪು ಮುಚ್ಚಳದಡಿ ಜಂಪ್ ಸ್ಟಾರ್ಟ್‌ಗೆಂದು ಒಂದು ಪಾಸಿಟಿವ್ ತುದಿ ಇಟ್ಟಿದ್ದಾರೆ. ಎಂಜಿನ್ ತಿರುಗಿಸುವ ಭಾರ ಇಲ್ಲದ್ದರಿಂದ ಅಂಗೈಯಗಲದ ಜಂಪ್ ಪ್ಯಾಕ್ ಕೂಡ ಸಾಕು. ಪಾಸಿಟಿವ್–ನೆಗೆಟಿವ್ ಮಾತ್ರ ಅಪ್ಪಿತಪ್ಪಿಯೂ ಅದಲುಬದಲಾಗಬಾರದು. ಫ್ಯೂಸ್ ಸುಟ್ಟರೆ ಪುಣ್ಯ, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸಿಕೊಡುವ ಇನ್ವರ್ಟರ್ ಸುಟ್ಟರೆ ಕಾರಿನ ಬೆಲೆಯಷ್ಟೇ ಖರ್ಚಿನ ಮಾತು. ಹೊಸ ಬ್ಯಾಟರಿ ಹಾಕಿಸುವಾಗಲೂ ಅಂಗಡಿಯವರು ಕೊಟ್ಟ ಯಾವುದೋ ನೀರು ಹಾಕುವ ಬ್ಯಾಟರಿ ಬೇಡ. ಇದು ಜನ ಕೂರುವ ಜಾಗದ ಜೊತೆಗೇ ಇರುವುದರಿಂದ, ಅನಿಲವನ್ನು ಕೊಳವೆಯ ಮೂಲಕ ಹೊರಬಿಡುವ ಎಜಿಎಂ ಜಾತಿಯದೇ ಆಗಬೇಕು.

ಬ್ಯಾಟರಿ ಸರಿಯಿದ್ದೂ ಕಾರು 'ರೆಡಿ' ಆಗದಿದ್ದರೆ ಇನ್ನೆರಡು ಚಿಲ್ಲರೆ ಕಾರಣಗಳನ್ನು ನೋಡಿಬಿಡಬೇಕು. ಬ್ರೇಕ್ ಒತ್ತಿದಾಗ ಹಿಂದಿನ ಬ್ರೇಕ್ ಲೈಟ್ ಹತ್ತದಿದ್ದರೆ ಪೆಡಲ್ ಬಳಿಯ ಸ್ವಿಚ್ ಕೆಟ್ಟಿರಬಹುದು, ಒತ್ತಿದ್ದು ಕಾರಿಗೆ ತಿಳಿಯುತ್ತಲೇ ಇಲ್ಲ. ಇಲ್ಲವೇ ಕೀಲಿಯೊಳಗಿನ ಸೆಲ್ ಮುಗಿದಿರಬಹುದು.

ಇಷ್ಟಾದರೂ ತ್ರಿಕೋನ ಆರದಿದ್ದರೆ ಸ್ಕ್ಯಾನರ್‌ನ ಸರದಿ. ತ್ರಿಕೋನ ತಾನಾಗಿ ಯಾವ ರೋಗವನ್ನೂ ಹೇಳುವುದಿಲ್ಲ. ಒಳಗೆ ದೂರು ದಾಖಲಾಗಿದೆ ಎಂದಷ್ಟೇ ಅದರ ಅರ್ಥ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕಂಪ್ಯೂಟರನ್ನಷ್ಟೇ ಓದುತ್ತವೆ. ಹೈಬ್ರಿಡ್, ಬ್ಯಾಟರಿ, ಬ್ರೇಕ್ ಮೂರನ್ನೂ ಓದಬಲ್ಲ ಉಪಕರಣ ಬೇಕು. ಟೊಯೊಟಾದ್ದೇ ಆದ ಟೆಕ್‌ಸ್ಟ್ರೀಮ್ ಇದೆ. ಬ್ಲೂಟೂತ್ ಅಡಾಪ್ಟರ್ ಜೊತೆ ಫೋನಿನಲ್ಲಿ ಓಡುವ 'ಡಾ. ಪ್ರಿಯಸ್'ನಂಥ ಆ್ಯಪ್‌ಗಳೂ ಇವೆ. ಓದಿದ ಕೋಡ್‌ಗಳನ್ನು ಉಪಸಂಖ್ಯೆಗಳ ಸಮೇತ ಬರೆದಿಟ್ಟುಕೊಳ್ಳದೆ ಅಳಿಸಿಬಿಡುವ ಗ್ಯಾರೇಜನ್ನು ನಂಬಬಾರದು. ರೋಗದ ಚರಿತ್ರೆಯೇ ಅದರೊಂದಿಗೆ ಹೋಗುತ್ತದೆ.

ಹೆಚ್ಚು ದಿಗಿಲು ಹುಟ್ಟಿಸುವ ಕೋಡ್ ಪಿ0ಎ80. ಹೈಬ್ರಿಡ್ ಬ್ಯಾಟರಿ ಬದಲಿಸಿ ಎಂದೇ ಅದರ ವಿವರಣೆ. 28 ಮಾಡ್ಯೂಲ್‌ಗಳನ್ನು ಕಾರು ಎರಡೆರಡರ 14 ಜೋಡಿಗಳಾಗಿ ಅಳೆಯುತ್ತದೆ. ಒಂದು ಜೋಡಿ ಉಳಿದವುಗಳ ಸಮಕ್ಕೆ ನಿಲ್ಲದಿದ್ದರೂ ಈ ಕೋಡ್ ಬೀಳಬಹುದು. ನಿಜವಾದ ಬ್ಯಾಟರಿ ಕಾಯಿಲೆ ಸಾಮಾನ್ಯವಾಗಿ ಮೊದಲೇ ಸುಳಿವು ಕೊಟ್ಟಿರುತ್ತದೆ: ಪರದೆಯ ಚಾರ್ಜ್ ಗೆರೆಗಳು ನಿಮಿಷಗಳಲ್ಲಿ ತಳ ಕಂಡು ಮತ್ತೆ ತುದಿಗೇರುತ್ತವೆ, ಹಿಂದಿನ ಸೀಟಿನ ಪಕ್ಕದ ಫ್ಯಾನ್ ಜೋರಾಗಿ ಗುಂಯ್‌ಗುಡುತ್ತದೆ, ಮೈಲೇಜ್ ಇಳಿಯುತ್ತದೆ. ಆ ಫ್ಯಾನಿನ ಗಾಳಿಕಿಂಡಿಗೆ ಧೂಳು, ನಾಯಿಕೂದಲು ತುಂಬಿ ಬ್ಯಾಟರಿ ಕಾದಿರಬಹುದು. ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿದಿರಬಹುದು. ಇವನ್ನೆಲ್ಲ ನೋಡಿ, ಕಾರು ಓಡುತ್ತಿರುವಾಗಿನ ಜೋಡಿವಾರು ವೋಲ್ಟೇಜ್ ನೋಡಿ ಆಮೇಲೆ ತೀರ್ಮಾನಿಸುವುದು ಕ್ರಮ. ಕೆಟ್ಟ ಒಂದು ಮಾಡ್ಯೂಲ್ ಬದಲಿಸಿ ಕೈತೊಳೆದುಕೊಳ್ಳುವ ರಿಪೇರಿ ಅಗ್ಗವೇನೋ ಹೌದು, ಆದರೆ ಅದೇ ವಯಸ್ಸಿನ ಉಳಿದವೂ ಒಂದೊಂದಾಗಿ ಅದೇ ದಾರಿ ಹಿಡಿಯುತ್ತವೆ. ಕಾರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೆ ಇಡೀ ಪ್ಯಾಕ್ ಬದಲಿಸುವುದೇ ಮೇಲು.

ಪಿ0ಎ93 ಬಂದರೆ ಬ್ಯಾಟರಿಯನ್ನು ಮುಟ್ಟಲೇಬೇಕಾಗಿಲ್ಲ. ಅದು ಇನ್ವರ್ಟರ್ ತಂಪಾಗುತ್ತಿಲ್ಲ ಎಂಬ ದೂರು; ಎರಡನೇ ತಲೆಮಾರಿನಲ್ಲಿ ಕೂಲಂಟ್ ಓಡಿಸುವ ಪುಟ್ಟ ಪಂಪ್ ಕೆಡುವುದು ತುಂಬ ಸಾಮಾನ್ಯ. 'ರೆಡಿ'ಯಲ್ಲಿ ಇನ್ವರ್ಟರ್ ಕೂಲಂಟ್ ತೊಟ್ಟಿಯೊಳಗೆ ಇಣುಕಿದರೆ ನೀರು ಸುಳಿಯುತ್ತಿರಬೇಕು, ಸುಮ್ಮನೆ ನಿಂತಿದ್ದರೆ ಪಂಪ್ ಸತ್ತಿದೆ. 2012ರ ನವೆಂಬರ್‌ನಲ್ಲಿ ಟೊಯೊಟಾ ಈ ಪಂಪ್‌ಗಾಗಿ ಅನೇಕ ಪ್ರಿಯಸ್‌ಗಳನ್ನು ವಾಪಸ್ ಕರೆಸಿತ್ತು. 2014ರ ಫೆಬ್ರುವರಿಯಲ್ಲಿ ಮೂರನೇ ತಲೆಮಾರಿನ ಸುಮಾರು 19 ಲಕ್ಷ ಕಾರುಗಳನ್ನು, ಇನ್ವರ್ಟರ್‌ನ ಟ್ರಾನ್ಸಿಸ್ಟರ್‌ಗಳು ಅತಿಯಾಗಿ ಕಾಯದಂತೆ ಸಾಫ್ಟ್‌ವೇರ್ ಬದಲಿಸಲು ಕರೆಸಿತು. ಹಳೇ ಕಾರಿನ ಷಾಸಿ ಸಂಖ್ಯೆ ಕೊಟ್ಟು ಈ ಕೆಲಸಗಳು ಆಗಿವೆಯೇ ಎಂದು ವಿಚಾರಿಸುವುದು ಒಳ್ಳೆಯದು.

ನಮ್ಮ ಕೈಯಾರೆ ಆಗುವ ಎಡವಟ್ಟುಗಳೂ ಇವೆ. ಪೆಟ್ರೋಲ್ ಪೂರ್ತಿ ಮುಗಿದ ಮೇಲೂ ಕಾರು ಕರೆಂಟಿನಲ್ಲಿ ತುಸು ದೂರ ಸಾಗುತ್ತದೆ. ಆ ಧೈರ್ಯದ ಮೇಲೆ ಬಂಕ್ ಹುಡುಕುತ್ತ ಹೋದವರು ದೊಡ್ಡ ಬ್ಯಾಟರಿಯನ್ನೂ ಬರಿದು ಮಾಡಿಕೊಂಡರೆ ಎಂಜಿನ್ ತಿರುಗಿಸಲು ಏನೂ ಉಳಿಯದು, ಜಂಪರ್ ಕೇಬಲ್ಲಿನಿಂದ ಅದನ್ನು ತುಂಬಿಸಲೂ ಆಗದು. ಟ್ರಾಫಿಕ್ಕಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾಯುವ ನಮ್ಮ ಅಭ್ಯಾಸವೂ ಇಲ್ಲಿ ಸಲ್ಲದು. ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಕಿತ್ತಳೆ ಬಣ್ಣದ ಕೇಬಲ್‌ಗಳ ವಿಷಯದಲ್ಲಿ ರಾಜಿಯೇ ಇಲ್ಲ. ಬ್ಯಾಟರಿಯ ವೋಲ್ಟೇಜನ್ನು ಇನ್ವರ್ಟರ್ ಏರಿಸುವುದರಿಂದ ಎರಡನೇ ತಲೆಮಾರಿನಲ್ಲಿ ಅಲ್ಲಿ 500 ವೋಲ್ಟ್‌ವರೆಗೆ, ಮೂರನೆಯದರಲ್ಲಿ 650ರವರೆಗೆ ಇರುತ್ತದೆ. ತರಬೇತಿ ಪಡೆದವರೂ ನಿರೋಧಕ ಕೈಗವಸು ಹಾಕಿ, ದೊಡ್ಡ ಬ್ಯಾಟರಿಯನ್ನು ಬೇರ್ಪಡಿಸುವ ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಬರಿದಾಗಲು ನಿಮಿಷಗಟ್ಟಲೆ ಕಾದು ಆಮೇಲಷ್ಟೇ ಕೈಹಾಕುತ್ತಾರೆ.

ಕರ್ನಾಟಕಕ್ಕೂ ಈ ಸಂಗತಿ ದೂರದ್ದಲ್ಲ. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಯಿತು. ಮೊದಮೊದಲಿನವು ಹತ್ತು ವರ್ಷ ದಾಟಿ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿವೆ. ಅವುಗಳಲ್ಲೂ ನಿಕಲ್ ಬ್ಯಾಟರಿಯೇ, 244.8 ವೋಲ್ಟ್‌ನದು. ಇಂಥ ಕಾರು ಕೊಳ್ಳುವವರು ನೋಡಲು ಹೋಗುವ ಮುನ್ನ ಅದನ್ನು ರಾತ್ರಿಯಿಡೀ ಮುಟ್ಟದೆ ಇಡುವಂತೆ ಮಾರುವವರಿಗೆ ಹೇಳಬೇಕು. ಬೆಳಿಗ್ಗೆ ಮೊದಲ ಸಲ 'ರೆಡಿ' ಆಗುವಾಗ ದೀಪಗಳು ಸರಿಯಾಗಿ ಹತ್ತಿ ಆರುತ್ತವೆಯೇ, ಎಂಜಿನ್ ನಡುಗದೆ ಏಳುತ್ತದೆಯೇ ಎಂದು ಗಮನಿಸಿ, ಸ್ಕ್ಯಾನರ್ ಹಾಕಿಸಿ, ಅರ್ಧ ಗಂಟೆ ಓಡಿಸಿ ಮತ್ತೊಮ್ಮೆ ಓದಿಸಬೇಕು. ಹಿಂದಿನ ದಿನವಷ್ಟೇ ಯಾರಾದರೂ ಕೋಡ್ ಅಳಿಸಿದ್ದರೆ, ಎರಡನೇ ಸಲದ ಓದಿನಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು.